ಕುರುಹು ಮತ್ತು ಅರಿವು: ಅಲ್ಲಮನ ಎಚ್ಚರದ ಮೂರು ಕಥನಗಳು

1

ಆಧ್ಯಾತ್ಮಿಕ ಜಾಗೃತಿ ಎಂಬ ಮಾತು ಇಂದು ಬಹಳ ಸಲೀಸಾಗಿ ಬಳಕೆಯಾಗುತ್ತಿದೆ. ದೇಹ, ಹೆಸರು, ಕುಲ, ವೃತ್ತಿ, ಸಂಪತ್ತು ಇವೆಲ್ಲ ಹೊರಗಿನ ಗುರುತುಗಳು; ಇವುಗಳ ಆಚೆಗಿರುವ ತನ್ನನ್ನು ತಾನು ಕಂಡುಕೊಳ್ಳುವುದೇ ಎಚ್ಚರ ಎಂಬ ವಿವರಣೆಯೂ ಅಷ್ಟೇ ಸಲೀಸಾದುದು. ವಚನಸಾಹಿತ್ಯವನ್ನು ಕುರಿತ ಉಪನ್ಯಾಸಗಳಲ್ಲಿ, ಸಂಕಲನಗಳ ಮುನ್ನುಡಿಗಳಲ್ಲಿ ಈ ವಿವರಣೆಗೆ ಮೊದಲ ಸಾಕ್ಷಿಯಾಗಿ ಬರುವ ಹೆಸರು ಅಲ್ಲಮಪ್ರಭುವಿನದು. ಆದರೆ ಸಾಕ್ಷಿಯಾಗಿ ಕರೆತರುವ ಈ ಅಲ್ಲಮ ಯಾರು? ಹರಿಹರನ ರಗಳೆಯ ಅಲ್ಲಮನೇ, ಚಾಮರಸನ ಷಟ್ಪದಿಯ ಅಲ್ಲಮನೇ, ಇಲ್ಲವೇ ಶೂನ್ಯಸಂಪಾದನಕಾರರ ಅಲ್ಲಮನೇ? ಈ ಮೂವರೂ ಒಬ್ಬರೇ ಎಂದು ಭಾವಿಸಿಕೊಂಡು ಮುಂದುವರಿಯುವುದು ನಮ್ಮ ವಿಮರ್ಶೆಯಲ್ಲಿ ರೂಢಿಯಾಗಿ ಹೋಗಿದೆ. ಈ ಮೂರು ಕಥನಗಳಲ್ಲಿ 'ಎಚ್ಚರ' ಎಂಬುದರ ಅರ್ಥವೇ ಬೇರೆಬೇರೆ. ಗುರುತನ್ನು ಮೀರುವುದು ಎಂದರೇನು ಎಂಬ ಪ್ರಶ್ನೆಗೆ ಅವು ನೀಡುವ ಉತ್ತರಗಳು ಪರಸ್ಪರ ವಿರುದ್ಧವಾದವು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಂದು ಮಾತಿನ ಬಗ್ಗೆ. ನಾವು ಇಂದು 'ಗುರುತು' ಎನ್ನುವುದಕ್ಕೆ ಶರಣರ ಪರಿಭಾಷೆಯಲ್ಲಿರುವ ಮಾತು 'ಕುರುಹು'. ಇದು ಹಳಗನ್ನಡದಿಂದಲೂ ಚಿಹ್ನೆ, ಲಕ್ಷಣ, ಪತ್ತೆ ಎಂಬ ಅರ್ಥಗಳಲ್ಲಿ ಬಳಕೆಯಲ್ಲಿರುವ ಪದ. ವಚನಕಾರರಲ್ಲಿ ಇದಕ್ಕೆ ಎರಡು ಮುಖಗಳಿವೆ. ಕುಲ, ರೂಪ, ಹೆಣ್ಣು-ಗಂಡೆಂಬ ಭೇದ ಇವು ಕಳಚಬೇಕಾದ ಕುರುಹುಗಳು. ಅಂಗೈಯ ಮೇಲಿನ ಇಷ್ಟಲಿಂಗವಾದರೋ ಹಿಡಿಯಬೇಕಾದ ಕುರುಹು. ಅರಿವು ನೆಲೆಗೊಳ್ಳಲೆಂದು ಕೈಗೆ ಕೊಟ್ಟ ಕುರುಹು. ಒಂದೇ ಪದವು ಬಂಧನವನ್ನೂ ಅದರಿಂದ ಬಿಡುಗಡೆಗೊಳ್ಳುವ ಸಾಧನವನ್ನೂ ಸೂಚಿಸುತ್ತದೆ. ಆದುದರಿಂದ 'ಭೌತಿಕ ಗುರುತನ್ನು ಮೀರುವುದು' ಎಂಬ ಇಂದಿನ ನುಡಿಗಟ್ಟನ್ನು ಶರಣರ ಮೇಲೆ ನೇರವಾಗಿ ಹೊರಿಸಲು ಬರುವುದಿಲ್ಲ. ಅಲ್ಲಮನಿಗೆ ಈ ಇಕ್ಕಟ್ಟು ಬೇರೆಲ್ಲರಿಗಿಂತ ಚೆನ್ನಾಗಿ ತಿಳಿದಿತ್ತು. ಹಿಡಿದ ಕುರುಹೇ ಹೊಸ ಗುರುತಾಗಿ ಗಟ್ಟಿಗೊಳ್ಳುವ ಅಪಾಯವನ್ನು ಅವನ ವಚನಗಳು ಮತ್ತೆಮತ್ತೆ ಕೆಣಕುತ್ತವೆ.

ಅಲ್ಲಮನ ಸಮಕಾಲೀನರಾರೂ ಅವನ ಚರಿತ್ರೆಯನ್ನು ಬರೆದಿಟ್ಟಿಲ್ಲ. ನಮಗಿರುವುದು ಭಕ್ತರು ಕಟ್ಟಿದ ಕಥನಗಳು. ಅವುಗಳಲ್ಲಿ ನಿಜವಾದ ಅಲ್ಲಮನನ್ನು ಹುಡುಕುವ ಕೆಲಸ ಇಲ್ಲಿನದಲ್ಲ. ಪ್ರತಿ ಕವಿಯೂ ಏನನ್ನು ಉಳಿಸಿಕೊಂಡ, ಏನನ್ನು ಬಿಟ್ಟ, ಬಿಟ್ಟುದರ ಬೆಲೆಯೇನು ಎಂಬಷ್ಟಕ್ಕೆ ಚರ್ಚೆಯನ್ನು ಸೀಮಿತಗೊಳಿಸಿದ್ದೇನೆ.

2

ಕ್ರಿ.ಶ. 1200ರ ಆಸುಪಾಸಿನಲ್ಲಿದ್ದ ಹರಿಹರನು ಅಲ್ಲಮನಿಗೆ ಕಾಲದಲ್ಲಿ ಅತ್ಯಂತ ಸಮೀಪದ ಕಥನಕಾರ. 'ಪ್ರಭುದೇವರ ರಗಳೆ'ಯೂ ಅವನ ಇತರ ರಗಳೆಗಳಂತೆ ಕೈಲಾಸದಿಂದ ಆರಂಭವಾಗುತ್ತದೆ. ಶಾಪದ ಚೌಕಟ್ಟು ಅಲ್ಲಿಯೂ ಉಂಟು. ಆದರೆ ಭೂಮಿಗಿಳಿದ ಮೇಲೆ ಹರಿಹರ ಆ ಚೌಕಟ್ಟನ್ನು ಬಹುಮಟ್ಟಿಗೆ ಮರೆತುಬಿಡುತ್ತಾನೆ. ಅಲ್ಲಮ ಬಳ್ಳಿಗಾವೆಯವನು, ನಾಗವಾಸಾಧಿಪತಿಯ ಮಗ, ಮದ್ದಳೆ ಬಾರಿಸುವವನು. ನಾಗವಾಸವೆಂಬುದನ್ನು ವಿದ್ವಾಂಸರು ದೇವಾಲಯದ ನಟುವ ವೃತ್ತಿಯೊಡನೆ ಸಂಬಂಧಿಸಿ ಅರ್ಥೈಸಿದ್ದಾರೆ. ಇದನ್ನು ಒಪ್ಪಿದರೆ ಅಲ್ಲಮನ ಹುಟ್ಟು, ಕಸುಬು, ಬೀದಿ ಎಲ್ಲವೂ ನಿರ್ದಿಷ್ಟವಾಗುತ್ತವೆ. ಹನ್ನೆರಡನೆಯ ಶತಮಾನದ ಬಳ್ಳಿಗಾವೆ ಸಣ್ಣ ಊರಲ್ಲ. ಕಾಳಾಮುಖರ ಕೋಡಿಯಮಠ ಅಲ್ಲಿತ್ತು. ಆ ಮಠದಲ್ಲಿ ಯಾವ ಯಾವ ಶಾಸ್ತ್ರಗಳ ಪಾಠ ನಡೆಯುತ್ತಿತ್ತು, ಯಾರಾರಿಗೆ ಅನ್ನ, ಯಾರಾರಿಗೆ ಔಷಧ ದೊರೆಯುತ್ತಿತ್ತು ಎಂಬುದನ್ನು 1162ರ ಶಾಸನ ವಿಸ್ತಾರವಾಗಿ ವರ್ಣಿಸುತ್ತದೆ. ಅಂಥ ಊರಿನ ದೇವಾಲಯದಲ್ಲಿ ಮದ್ದಳೆಗಾರನಿಗೆ ಒಂದು ಸ್ಥಾನವಿತ್ತು, ಜೊತೆಗೆ ಒಂದು ಮಿತಿಯೂ ಇತ್ತು.

ಈ ಮದ್ದಳೆಗಾರ ಕಾಮಲತೆಯನ್ನು ಒಲಿಯುತ್ತಾನೆ, ಅವಳೊಡನೆ ಕೂಡಿ ಬಾಳುತ್ತಾನೆ. ಆ ಬಾಳನ್ನು ಹರಿಹರ ತಗ್ಗಿಸಿ ಹೇಳುವುದಿಲ್ಲ. ಮುಂದೆ ವಿರಕ್ತನಾಗಲಿರುವವನ ಪೂರ್ವಾಶ್ರಮ ಎಂಬ ಸಂಕೋಚ ಅವನಿಗಿಲ್ಲ. ಕಾಮಲತೆ ಜ್ವರದಿಂದ ತೀರಿಕೊಳ್ಳುತ್ತಾಳೆ. ಅಲ್ಲಮನಿಗೆ ಹುಚ್ಚು ಹಿಡಿದಂತಾಗುತ್ತದೆ. ಅವಳ ಹೆಸರು ಹಿಡಿದು ಅಲೆಯುತ್ತಾನೆ. ಕಡೆಗೊಮ್ಮೆ ಊರ ಹೊರಗೆ ಕುಳಿತು, ಯಾವ ಉದ್ದೇಶವೂ ಇಲ್ಲದೆ ಕಾಲುಗುರಿನಿಂದ ನೆಲವನ್ನು ಗೀರುತ್ತಿರುವಾಗ ಮಣ್ಣಿನಡಿಯಿಂದ ಹೊನ್ನ ಕಳಸವೊಂದು ಕಾಣಿಸಿಕೊಳ್ಳುತ್ತದೆ. ಅಗೆಯಿಸಿದರೆ ದೇಗುಲ. ಕದ ತೆರೆದು ಒಳಹೊಕ್ಕರೆ, ಅಂಗೈಯ ಲಿಂಗದಲ್ಲಿ ದೃಷ್ಟಿ ನಟ್ಟು ಎವೆಯಿಕ್ಕದೆ ಕುಳಿತ ಯೋಗಿ ಅನಿಮಿಷಯ್ಯ. ಅಲ್ಲಮ ಆ ಕೈಯಿಂದ ಲಿಂಗವನ್ನು ತೆಗೆದುಕೊಳ್ಳುತ್ತಾನೆ. ಅನಿಮಿಷನ ಪ್ರಾಣ ಹೋಗುತ್ತದೆ.

ಈ ಪ್ರಸಂಗದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಹೂತ ದೇಗುಲ ಅಂತರಂಗದ ಸಂಕೇತ, ಗುಹೇಶ್ವರ ಎಂಬ ಅಂಕಿತಕ್ಕೆ ಮೂಲ ಇದೇ ಎಂಬ ವಿವರಣೆಗಳು ಪರಿಚಿತವೇ. ನನಗೆ ಮುಖ್ಯವೆನಿಸುವುದು ಆ ಕಾಲುಗುರು. ಎಚ್ಚರದ ಕ್ಷಣವನ್ನು ತರುವುದು ಧ್ಯಾನವಲ್ಲ, ಶಾಸ್ತ್ರವಲ್ಲ, ಗುರುವಿನ ಹುಡುಕಾಟವೂ ಅಲ್ಲ. ದುಃಖದಲ್ಲಿ ಮೈಮರೆತ ದೇಹ ತಾನಾಗಿ ಮಾಡಿದ ಒಂದು ವ್ಯರ್ಥ ಚೇಷ್ಟೆ. ಸತ್ತವರ ಮನೆಯಲ್ಲಿ ಕುಳಿತವರು ನೆಲ ಕೆರೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಹರಿಹರನ ಅಲ್ಲಮನಿಗೆ ಆಚೆಯ ದಾರಿ ತೆರೆಯುವುದು ಅದೇ ಮೈಯಿಂದ, ಅದೇ ಕಾಮಲತೆಯ ಮೇಲಿನ ಮೋಹದ ಶೇಷದಿಂದ. ಮೋಹವನ್ನು ಗೆದ್ದುದರಿಂದ ಅವನಿಗೆ ಲಿಂಗ ದೊರೆಯಲಿಲ್ಲ. ಮೋಹ ಅವನನ್ನು ಪೂರ್ತಿಯಾಗಿ ಒಡೆದು ಹಾಕಿದುದರಿಂದ ದೊರೆಯಿತು. ಮತ್ತೊಂದು ಸಂಗತಿ: ಇಲ್ಲಿ ಗುರು-ಶಿಷ್ಯರ ನಡುವೆ ಸಂಭಾಷಣೆಯಿಲ್ಲ. ಅನಿಮಿಷನು ಅಲ್ಲಮನ ಕುಲವನ್ನು ಕೇಳಲಿಲ್ಲ. ಅಲ್ಲಮನು ಅನಿಮಿಷನ ಪರಂಪರೆಯನ್ನು ವಿಚಾರಿಸಲಿಲ್ಲ. ಹೆಸರೂ ಆ ನೋಟದ ವರ್ಣನೆಯೇ ಹೊರತು ಬೇರೆಯಲ್ಲ. ದೀಕ್ಷೆಯೆಂಬುದರ ಎಲ್ಲ ವಿಧಿವಿಧಾನಗಳೂ ಕಳಚಿ, ಒಂದು ಕೈಯಿಂದ ಇನ್ನೊಂದು ಕೈಗೆ ಒಂದು ವಸ್ತು ದಾಟಿದುದಷ್ಟೇ ಉಳಿಯುತ್ತದೆ. ಕುರುಹು ಎಂಬುದರ ಎರಡೂ ಅರ್ಥಗಳು ಇಲ್ಲಿ ಒಟ್ಟಿಗೆ ಕೂಡುತ್ತವೆ. ಮದ್ದಳೆಗಾರ, ನಾಗವಾಸದವನು, ಕಾಮಲತೆಯ ಗಂಡ ಎಂಬ ಗುರುತುಗಳು ಕಳಚಿದ ಕೈಗೆ ಇನ್ನೊಂದು ಕುರುಹು ಬಂದು ಸೇರುತ್ತದೆ.

ಕಳಚಿದವು, ಆದರೆ ಅಳಿಸಿಹೋಗಲಿಲ್ಲ. ಹರಿಹರನ ಓದುಗರಿಗೆ ಅಲ್ಲಮ ಯಾರಾಗಿದ್ದ ಎಂಬುದು ಕೊನೆಯವರೆಗೂ ನೆನಪಿರುತ್ತದೆ.

3

ಪ್ರೌಢದೇವರಾಯನ (ಆಳ್ವಿಕೆ 1424-1446) ಕಾಲದ ಚಾಮರಸನು 'ಪ್ರಭುಲಿಂಗಲೀಲೆ'ಯನ್ನು ಭಾಮಿನಿ ಷಟ್ಪದಿಯಲ್ಲಿ, 25 ಗತಿಗಳಲ್ಲಿ, 1111 ಪದ್ಯಗಳಲ್ಲಿ ರಚಿಸಿದ. ಎರಡು ಶತಮಾನಗಳಲ್ಲಿ ವೀರಶೈವದ ಸ್ಥಿತಿ ಬದಲಾಗಿತ್ತು. ಚದುರಿಹೋದ ವಚನಗಳನ್ನು ಕೂಡಿಸುವ, ತತ್ತ್ವವನ್ನು ಷಟ್‌ಸ್ಥಲದ ಕ್ರಮದಲ್ಲಿ ಜೋಡಿಸುವ, ವಿಜಯನಗರದ ಆಸ್ಥಾನದಲ್ಲಿ ಧರ್ಮಕ್ಕೆ ಗೌರವದ ಸ್ಥಾನವನ್ನು ಗಳಿಸಿಕೊಳ್ಳುವ ಪ್ರಯತ್ನಗಳು ಒಟ್ಟಿಗೆ ನಡೆಯುತ್ತಿದ್ದ ಕಾಲವದು. ಅಂಥ ಕಾಲದಲ್ಲಿ ಶೂನ್ಯಸಿಂಹಾಸನದ ಮೇಲೆ ಕುಳಿತ ಪ್ರಭು ಒಮ್ಮೆ ಹೆಂಡತಿ ಸತ್ತು ಹುಚ್ಚನಾಗಿದ್ದ ಮದ್ದಳೆಗಾರ ಎಂದು ಹೇಳುವುದು ಕಷ್ಟವಾಗಿದ್ದಿರಬೇಕು.

ಚಾಮರಸ ಮದ್ದಳೆಯನ್ನು ಕಿತ್ತುಹಾಕಲಿಲ್ಲ. ಅವನ ಜಾಣ್ಮೆ ಇರುವುದು ಇಲ್ಲಿ. ಬಳ್ಳಿಗಾವೆಯ ಬದಲು ಬನವಾಸಿ, ಮಧುಕೇಶ್ವರನ ಗುಡಿ; ಕಾಮಲತೆಯ ಬದಲು ಮಮಕಾರರಾಜನ ಮಗಳು ಮಾಯೆ; ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಶಿವ-ಪಾರ್ವತಿಯರ ನಡುವಣ ವಾದವೇ ಕಥೆಯ ಮೂಲ: ಮಾಯೆಗೆ ಸಿಲುಕದವನೊಬ್ಬನಿದ್ದಾನೆ ಎಂಬುದನ್ನು ಪರೀಕ್ಷಿಸಲು ಪಾರ್ವತಿ ತನ್ನ ತಾಮಸಕಳೆಯನ್ನು ಭೂಮಿಗೆ ಕಳುಹಿಸುತ್ತಾಳೆ. ಅಲ್ಲಮ ಮದ್ದಳೆ ನುಡಿಸುತ್ತಾನೆ, ಮಾಯೆ ಕುಣಿಯುತ್ತಾಳೆ, ಒಲಿಯುತ್ತಾಳೆ, ಹಿಂಬಾಲಿಸುತ್ತಾಳೆ, ಅಪ್ಪಲು ಬಂದರೆ ಅವನು ಸಿಕ್ಕುವುದಿಲ್ಲ. ಇಲ್ಲಿ ಮದ್ದಳೆ ಕಸುಬಾಗಿ ಉಳಿದಿಲ್ಲ. ಅದು ವೇಷ, ಲೀಲೆ. ವೃತ್ತಿಯಿತ್ತು ಎಂಬ ಐತಿಹ್ಯವನ್ನು ಅಲ್ಲಗಳೆಯದೆ, ಆ ವೃತ್ತಿಗೆ ಯಾವ ಭಾರವೂ ಇರದಂತೆ ಮಾಡಿದ ಪರಿಯಿದು.

ಕಾವ್ಯವಾಗಿ 'ಪ್ರಭುಲಿಂಗಲೀಲೆ'ಯ ಶಕ್ತಿ ಅಸಾಧಾರಣವಾದುದು. ಅನುಭಾವದ ಸೂಕ್ಷ್ಮಗಳನ್ನು ಕಥೆಯ ಓಟಕ್ಕೆ ಅಡ್ಡಿಯಾಗದಂತೆ ಹೇಳುವುದರಲ್ಲಿ ಚಾಮರಸನಿಗೆ ಸಮನಾದವರು ಕಡಿಮೆ. ಶಿವಪ್ರಕಾಶ ಸ್ವಾಮಿಗಳು ಅದನ್ನು ತಮಿಳಿಗೆ ತಂದರು. ಅಲ್ಲಮನ ಹೆಸರು ಕನ್ನಡದ ಆಚೆಗೆ ಹಬ್ಬಲು ಅದು ಮುಖ್ಯ ಕಾರಣ. ನನ್ನ ತಕರಾರು ಕಾವ್ಯಗುಣದ ಬಗ್ಗೆ ಅಲ್ಲ. ಮಾಯೆಗೆ ಎಂದೂ ಸಿಲುಕದವನಿಗೆ ಎಚ್ಚರವೆಂಬುದು ಬೇಕೇ ಆಗುವುದಿಲ್ಲ. ನಿದ್ರಿಸದವನು ಏಳುವುದೆಲ್ಲಿಂದ ಬಂತು? ಹರಿಹರನಲ್ಲಿ ಎಚ್ಚರವು ಒಂದು ಘಟನೆ; ಅದಕ್ಕೆ ಮುಂಚೆ ಹಾಗೂ ಅನಂತರ ಎಂಬುವು ಇವೆ. ಚಾಮರಸನಲ್ಲಿ ಅದು ಒಂದು ಸ್ಥಿತಿ, ಕಥೆ ಆರಂಭವಾಗುವ ಮೊದಲೇ ಪೂರ್ಣವಾಗಿರುವಂಥದು. ಎಚ್ಚರಗೊಳ್ಳಬೇಕಾದವರು ಉಳಿದವರೆಲ್ಲ: ಗೊಗ್ಗಯ್ಯ, ಮುಕ್ತಾಯಿ, ಸಿದ್ಧರಾಮ, ಗೋರಕ್ಷ. ಅಲ್ಲಮ ಎಚ್ಚರಿಸುವವನು ಮಾತ್ರ.

ಇದರ ಪರಿಣಾಮ ಹೆಣ್ಣಿನ ಚಿತ್ರಣದಲ್ಲಿ ಎದ್ದು ಕಾಣುತ್ತದೆ. ಪಾರ್ವತಿಯ ತಾಮಸಕಳೆ ಮಾಯೆಯಾಗಿ ಸೋತ ಮೇಲೆ ಅವಳ ಸಾತ್ತ್ವಿಕಕಳೆ ಉಡುತಡಿಯಲ್ಲಿ ಮಹಾದೇವಿಯಾಗಿ ಹುಟ್ಟುತ್ತದೆ. ಹರಿಹರನ 'ಮಹಾದೇವಿಯಕ್ಕನ ರಗಳೆ'ಯಲ್ಲಿ ಅಕ್ಕ ಕೌಶಿಕನನ್ನು ಷರತ್ತುಗಳ ಮೇಲೆ ಮದುವೆಯಾಗುತ್ತಾಳೆ. ಅವನು ಮಾತಿಗೆ ತಪ್ಪಿದಾಗ ತೊರೆದು ಹೋಗುತ್ತಾಳೆ. ಚಾಮರಸನಲ್ಲಿ ಆ ಮದುವೆ ನಡೆಯುವುದೇ ಇಲ್ಲ. ಕಾಮಲತೆಯನ್ನು ಅಲ್ಲಮನ ಬದುಕಿನಿಂದ ತೆಗೆದ ಕೈಯೇ ಕೌಶಿಕನನ್ನೂ ಅಕ್ಕನ ಬದುಕಿನಿಂದ ತೆಗೆಯಿತು. ಎರಡೂ ತಿದ್ದುಪಡಿಗಳ ತರ್ಕ ಒಂದೇ: ಮೀರಿದವರಿಗೆ ಮೀರಬೇಕಾದ ಏನೂ ಇದ್ದಿರಬಾರದು. ಅಕ್ಕನ ವಿವಾಹದ ಬಗ್ಗೆ ಇಪ್ಪತ್ತನೆಯ ಶತಮಾನದಲ್ಲಿ ನಡೆದ ಬಿರುಸಾದ ಚರ್ಚೆಗಳಲ್ಲಿ ಈ ತರ್ಕ ಮತ್ತೆಮತ್ತೆ ತಲೆಯೆತ್ತಿತು. ಅಕ್ಕ ಮದುವೆಯಾಗಿದ್ದಳೇ ಇಲ್ಲವೇ ಎಂಬುದು ಚರಿತ್ರೆಯ ಪ್ರಶ್ನೆಯೆಂಬಂತೆ ತೋರಿದರೂ ಅದರ ಹಿಂದಿದ್ದ ಆತಂಕ ಬೇರೆಯದು.

ಗುರುತನ್ನು ಮೀರುವುದು ಒಂದು, ಮುಜುಗರ ತರುವ ಪೂರ್ವಚರಿತ್ರೆಯನ್ನು ಮರೆಸುವುದು ಇನ್ನೊಂದು. ಇವೆರಡರ ನಡುವಣ ಅಂತರವನ್ನು ವಿಮರ್ಶೆ ಕಾಯ್ದುಕೊಳ್ಳಬೇಕು. ನಾಗವಾಸದ ಹುಡುಗನೊಬ್ಬ ಪ್ರಭುವಾದ ಎಂಬಲ್ಲಿ ಕುಲವನ್ನು ಮೀರುವ ಮಾತಿಗೆ ಅರ್ಥವಿದೆ. ನಿರಹಂಕಾರ-ಸುಜ್ಞಾನಿಯರ ಮಗ ಪ್ರಭುವಾದ ಎಂದರೆ ಅಲ್ಲಿ ಮೀರಲು ಕುಲವೇ ಇಲ್ಲ. ಸದ್ಗುಣಗಳ ಮನೆತನದಲ್ಲಿ ಸದ್ಗುಣಿಯೊಬ್ಬ ಹುಟ್ಟಿದ, ಅಷ್ಟೆ.

4

ಶೂನ್ಯಸಂಪಾದನೆಗಳ ಮಾತು ಬೇರೆ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಆರಂಭವಾಗಿ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗ ಇವರ ಮೂಲಕ ಗೂಳೂರು ಸಿದ್ಧವೀರಣ್ಣನವರೆಗೆ ಒಟ್ಟು ನಾಲ್ಕು ಕೃತಿಗಳು ನಮಗೆ ದೊರೆತಿವೆ. ಫ.ಗು. ಹಳಕಟ್ಟಿಯವರು, ಅನಂತರ ಸಂ.ಶಿ. ಭೂಸನೂರಮಠರು ಗೂಳೂರನ ಕೃತಿಯನ್ನು ಸಂಪಾದಿಸಿದರು. ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ 1972ರ ಅವಧಿಯಲ್ಲಿ ಐದು ಸಂಪುಟಗಳಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಈ ಕೃತಿಗಳ ರಚನಾವಿಧಾನ ಎಲ್ಲರಿಗೂ ತಿಳಿದುದೇ: ಬೇರೆಬೇರೆ ಶರಣರ ವಚನಗಳನ್ನು ಆಯ್ದು, ಅವರು ಎದುರುಬದುರು ಕುಳಿತು ಮಾತನಾಡಿದಂತೆ ಜೋಡಿಸಿ, ನಡುವೆ ಗದ್ಯದ ಕೊಂಡಿಗಳನ್ನು ಹಾಕುವುದು. ತಿಳಿದುದಾದರೂ ನಾವು ಇದನ್ನು ಬರೆಯುವಾಗ ಮರೆಯುತ್ತೇವೆ. ಅಕ್ಕನೂ ಅಲ್ಲಮನೂ ಕಲ್ಯಾಣದಲ್ಲಿ ಹೀಗೆ ವಾದಿಸಿದರು ಎಂದು ಎಷ್ಟೋ ಸಂಶೋಧನ ಪ್ರಬಂಧಗಳು ನಿಸ್ಸಂಕೋಚವಾಗಿ ಹೇಳುತ್ತವೆ. ವಾದಿಸಿದಂತೆ ಜೋಡಿಸಿದವರು ಅವರಿಬ್ಬರಿಗಿಂತ ಶತಮಾನಗಳಷ್ಟು ಈಚಿನ ಸಂಪಾದಕರು. ಹರಿಹರನ ರಗಳೆಯಲ್ಲಿ ಅಕ್ಕನಿಗೆ ಕಲ್ಯಾಣದ ಈ ಪರೀಕ್ಷೆಯೇ ಇಲ್ಲ.

ಹಾಗೆಂದು ಆ ಜೋಡಣೆಯನ್ನು ಕಡೆಗಣಿಸಲಾಗದು. ಅದೇ ಒಂದು ವ್ಯಾಖ್ಯಾನ, ಬಹುಶಃ ಕನ್ನಡದಲ್ಲಿ ವಚನಗಳಿಗೆ ದೊರೆತ ಮೊದಲ ದೊಡ್ಡ ವಿಮರ್ಶೆ. ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ತಡೆದು ಅವಳ ಗಂಡ ಯಾರೆಂದು ಕೇಳುತ್ತಾನೆ. ಬಟ್ಟೆಯನ್ನು ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡಿರುವುದೇಕೆ ಎಂದು ಕೆಣಕುತ್ತಾನೆ. ದೇಹದ ಗುರುತನ್ನು ನಿಜವಾಗಿ ಬಿಟ್ಟಿದ್ದರೆ ಮುಚ್ಚುವ ಅಗತ್ಯವೇನು ಎಂಬುದು ಪ್ರಶ್ನೆ. ಅಕ್ಕನ ಉತ್ತರದ ಸಾರವಿಷ್ಟು: ಮುಚ್ಚಿದುದು ತನಗಾಗಿ ಅಲ್ಲ, ನೋಡುವವರ ಮನಸ್ಸಿನಲ್ಲಿ ಇನ್ನೂ ಉಳಿದಿರುವುದಕ್ಕಾಗಿ. ಈ ಉತ್ತರದ ತೀಕ್ಷ್ಣತೆಯನ್ನು ನಮ್ಮ ವಿಮರ್ಶೆ ಸಾಮಾನ್ಯವಾಗಿ ವಿನಯವೆಂದು ತಪ್ಪು ತಿಳಿದಿದೆ. ಗುರುತು ಎಂಬುದು ಹೊತ್ತವರ ಆಸ್ತಿ ಮಾತ್ರವಲ್ಲ, ನೋಡುವವರ ಹೇರಿಕೆಯೂ ಹೌದು. ಹೊತ್ತವಳು ಇಳಿಸಿದರೂ ನೋಡುವವರು ಇಳಿಸುವವರೆಗೆ ಅದು ಅಲ್ಲಿಯೇ ಇರುತ್ತದೆ. 'ಆಚೆಗೆ' ಹೋಗುವುದು ಒಬ್ಬರ ಒಳಗಿನ ಸಾಧನೆಯಷ್ಟೇ ಎಂಬ ನಂಬಿಕೆಗೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪವನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕಲ್ಯಾಣಕ್ಕೆ ಬಂದವರನ್ನೆಲ್ಲ ಅಲ್ಲಮ ಪರೀಕ್ಷಿಸಿದನೆಂಬುದು ನಿಜ. ಆದರೆ ಮೈಯ ಮೇಲಿನ ಬಟ್ಟೆಯನ್ನು, ಮದುವೆಯನ್ನು ಮುಂದಿಟ್ಟು ಪರೀಕ್ಷಿಸಿದ್ದು ಅಕ್ಕನೊಬ್ಬಳನ್ನೇ. ಕಿನ್ನರಿ ಬೊಮ್ಮಯ್ಯನೂ ಅವಳನ್ನು ಪರೀಕ್ಷಿಸಿದ ಮೇಲೆಯೇ ಒಳಗೆ ಬಿಡುತ್ತಾನೆ. ಸಂಪಾದನಕಾರರು ಇದನ್ನು ಅಕ್ಕನ ಮಹಿಮೆಯನ್ನು ಮೆರೆಸಲು ಮಾಡಿದರೆಂಬ ಸಮಾಧಾನ ಸಾಲದು. ಹೆಣ್ಣು ದೇಹಾತೀತಳೆಂಬುದಕ್ಕೆ ದೇಹವೇ ಪುರಾವೆಯಾಗಬೇಕೆಂಬ ಬೇಡಿಕೆ ಅನುಭಾವದ ಸಭೆಯಲ್ಲಿಯೂ ಇತ್ತು ಎಂಬುದಕ್ಕೆ ಇದು ದಾಖಲೆ.

ಗೋರಕ್ಷನ ಪ್ರಸಂಗದಲ್ಲಿಯೂ ದೇಹವೇ ಪಣ. ಅಲ್ಲಿ ಪ್ರಶ್ನೆ ಬೇರೆ. ಯೋಗಸಾಧನೆಯಿಂದ ವಜ್ರಕಾಯವನ್ನು ಪಡೆದ ಗೋರಕ್ಷನ ಮೈಗೆ ಕತ್ತಿಯಿಂದ ಹೊಡೆದರೆ ಖಣಿಲೆಂಬ ಸದ್ದು. ಅಲ್ಲಮನ ಮೈಗೆ ಹೊಡೆದರೆ ಕತ್ತಿ ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಸಾವನ್ನು ಗೆದ್ದ ದೇಹ ಸಾವಿಗಿಂತ ದೊಡ್ಡ ಬಂಧನ ಎಂಬುದು ಇಲ್ಲಿಯ ತಿರುಳು. ಗೋರಕ್ಷ ಸೋತುದು ದುರ್ಬಲನಾಗಿದ್ದುದರಿಂದಲ್ಲ, ಗಟ್ಟಿಯಾಗಿದ್ದುದರಿಂದ. ಆಧ್ಯಾತ್ಮಿಕ ಸಾಧನೆಯೇ ಹೊಸದೊಂದು ಭೌತಿಕ ಗುರುತಾಗಿ ಹೆಪ್ಪುಗಟ್ಟುವುದನ್ನು ಇಷ್ಟು ಸರಳವಾದ ಚಿತ್ರದಲ್ಲಿ ಹಿಡಿದ ಕಥೆ ವಿರಳ. ಡಿ.ಆರ್. ನಾಗರಾಜರ 'ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ' (1999) ಅಲ್ಲಮನನ್ನು ಸಮಾಜಸುಧಾರಣೆಯ ಚೌಕಟ್ಟಿನಿಂದ ಬಿಡಿಸಿ ಶೈವಚಿಂತನೆಯ ವಿಶಾಲ ಹರಹಿನಲ್ಲಿ ಇಟ್ಟು ನೋಡಿದ ಮೇಲೆ ಇಂಥ ಪ್ರಸಂಗಗಳನ್ನು ಪವಾಡವೆಂದು ಬದಿಗೆ ಸರಿಸುವುದು ಸುಲಭವಾಗಿ ಉಳಿದಿಲ್ಲ. ಪವಾಡದ ಭಾಷೆಯಲ್ಲಿ ನಡೆದ ದಾರ್ಶನಿಕ ವಾಗ್ವಾದಗಳಿವು.

ಸೊನ್ನಲಿಗೆಯ ಸಿದ್ಧರಾಮನದು ಮೂರನೆಯ ಬಗೆ. ಕೆರೆ ಕಟ್ಟಿಸುವ, ಗುಡಿ ಕಟ್ಟಿಸುವ ಅವನನ್ನು ಅಲ್ಲಮ ಒಡ್ಡರಾಮನೆಂದು ಕರೆಯುತ್ತಾನೆ. ಕೆಲಸದವರು ಕೆರಳಿ ಕಲ್ಲೆಸೆಯುತ್ತಾರೆ. ಲೋಕಹಿತದ ಕರ್ತೃತ್ವವೂ ಒಂದು ಗುರುತು, ಅದನ್ನೂ ಬಿಡಬೇಕು ಎಂಬುದು ಪ್ರಸಂಗದ ಆಶಯವೆಂದು ವ್ಯಾಖ್ಯಾನಿಸುತ್ತಾರೆ. ಒಪ್ಪಬಹುದು. ಆದರೆ ಬೈಗುಳಕ್ಕೆ ಅಲ್ಲಮ ಆಯ್ದ ಮಾತು ಒಂದು ಶ್ರಮಿಕ ಜಾತಿಯ ಹೆಸರು. ಮಣ್ಣು ಹೊರುವವರ ಹೆಸರಿನಿಂದ ಕರೆದರೆ ಅವಮಾನವಾಗುತ್ತದೆ ಎಂಬ ಲೋಕದ ಎಣಿಕೆಯ ಮೇಲೆಯೇ ಆ ಕೆಣಕು ನಿಂತಿದೆ. ಅಹಂಕಾರವನ್ನು ಒಡೆಯಲು ಬಳಸಿದ ಉಪಕರಣ ಲೋಕದ ಶ್ರೇಣೀಕರಣದಿಂದ ಎರವಲು ಪಡೆದುದು. ಇದನ್ನು ಅಲ್ಲಮನ ದೋಷವೆಂದು ಹೇಳಬೇಕೋ, ಅವನ ಬಾಯಲ್ಲಿ ಆ ಮಾತನ್ನಿಟ್ಟ ಪರಂಪರೆಯ ದೋಷವೆಂದು ಹೇಳಬೇಕೋ ಎಂಬುದು ಚರ್ಚಾಸ್ಪದ. ದೋಷವೇ ಇಲ್ಲವೆಂದು ಹೇಳಲು ನಾನು ಸಿದ್ಧನಿಲ್ಲ.

ಮುಕ್ತಾಯಿಯ ಪ್ರಸಂಗ ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದೆ. ಅಣ್ಣ ಅಜಗಣ್ಣ ತೀರಿಹೋಗಿದ್ದಾನೆ; ತನ್ನ ಭಕ್ತಿಯನ್ನು ಯಾರಿಗೂ ತೋರದೆ ಬದುಕಿದವನು ಅವನು. ತಂಗಿ ಶೋಕಿಸುತ್ತಿದ್ದಾಳೆ. ಅಲ್ಲಮ ಬಂದು ಅವಳಿಗೆ ತಿಳಿವಳಿಕೆ ಹೇಳತೊಡಗುತ್ತಾನೆ. ಮುಕ್ತಾಯಿ ಸುಲಭವಾಗಿ ಮಣಿಯುವುದಿಲ್ಲ. ಮಾತನ್ನು ಮೀರಿದೆನೆನ್ನುವವನು ಇಷ್ಟೇಕೆ ಮಾತನಾಡುತ್ತಾನೆ ಎಂಬರ್ಥದ ಪ್ರಶ್ನೆಯನ್ನು ಅವಳು ಅಲ್ಲಮನಿಗೇ ಹಾಕುತ್ತಾಳೆ. ಸಂಪಾದನೆಯಲ್ಲಿ ಅಲ್ಲಮನು ಉತ್ತರ ಹೇಳಬೇಕಾದ ಇಕ್ಕಟ್ಟಿಗೆ ಸಿಲುಕುವ ಅಪರೂಪದ ಎಡೆಯಿದು. ಒಲಿದವರನ್ನು ಕಳೆದುಕೊಂಡು ನೆಲದ ಮೇಲೆ ಕುಳಿತವರ ಮುಂದೆ ನಿಂತ ಅಲ್ಲಮ, ಒಂದು ಕಾಲಕ್ಕೆ ತಾನೇ ಹಾಗೆ ಕುಳಿತಿದ್ದವನು. ಹರಿಹರನನ್ನು ಓದಿದವರಿಗೆ ಈ ದೃಶ್ಯದ ಭಾರ ತಿಳಿಯುತ್ತದೆ. ಸಂಪಾದನಕಾರರು ಚಾಮರಸನ ನಿರ್ಮಾಯ ಅಲ್ಲಮನನ್ನೇ ಬಹುಮಟ್ಟಿಗೆ ಒಪ್ಪಿದವರು. ಆದುದರಿಂದ ಆ ನೆನಪಿಗೆ ಇಲ್ಲಿ ಅವಕಾಶವಿಲ್ಲ. ಕಾಮಲತೆ ಉಳಿದಿದ್ದರೆ ಮುಕ್ತಾಯಿಯೊಡನೆ ಅಲ್ಲಮನ ಮಾತು ಉಪದೇಶವಾಗಿ ಉಳಿಯುತ್ತಿರಲಿಲ್ಲ. ಅದು ಹಂಚಿಕೊಂಡ ದುಃಖವಾಗುತ್ತಿತ್ತು. ಕಥನದಿಂದ ಒಂದು ಹೆಣ್ಣನ್ನು ತೆಗೆದುದರ ನಷ್ಟ ಇಷ್ಟು ದೂರದವರೆಗೆ ಚಾಚಿದೆ.

5

ಇಷ್ಟು ಹೊತ್ತು ಅಲ್ಲಮನ ಸುತ್ತಲೇ ನಿಂತೆವು. ಅನುಭವಮಂಟಪದ ಉಳಿದವರನ್ನು ನೋಡಿದರೆ ಇನ್ನೊಂದು ತೊಡಕು ಎದುರಾಗುತ್ತದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ, ಮೋಳಿಗೆಯ ಮಾರಯ್ಯ. ಕುಲದ ಕುರುಹನ್ನು ಕಳಚಿದೆವೆಂದ ಇವರು ಕಸುಬಿನ ಕುರುಹನ್ನು ಹೆಸರಿನ ಮುಂದೆಯೇ ಹೊತ್ತಿದ್ದಾರೆ. ಈ ವಿಶೇಷಣಗಳನ್ನು ಅವರೇ ಇಟ್ಟುಕೊಂಡರೋ, ಲೋಕ ಇಟ್ಟಿತೋ ಎಂಬುದು ಬೇರೆ ಮಾತು. ಪರಂಪರೆ ಅವುಗಳನ್ನು ಅಳಿಸಲಿಲ್ಲ ಎಂಬುದು ಮುಖ್ಯ. ಕಾಯಕವು ಗುರುತಲ್ಲ, ಗುರುತನ್ನು ಕರಗಿಸುವ ಕ್ರಿಯೆ ಎಂದು ಇದಕ್ಕೆ ಸಮಾಧಾನ ಹೇಳುವುದುಂಟು. ಅದು ಅರ್ಧ ನಿಜ. ಚೌಡಯ್ಯನ ವಚನಗಳ ಒರಟುತನ, ಎದುರಿನವರನ್ನು ಏಕವಚನದಲ್ಲಿ ಝಾಡಿಸುವ ಧಾಟಿ ಹುಟ್ಟಿದ್ದು ಅಂಬಿಗನಾಗಿ ನಿಂತುದರಿಂದಲೇ. ಅವನು ಅಂಬಿಗನೆಂಬುದನ್ನು ಮೀರಿ ಮಾತನಾಡುತ್ತಿಲ್ಲ, ಅಂಬಿಗನಾಗಿಯೇ ಮಾತನಾಡುತ್ತಿದ್ದಾನೆ.

ಆಯ್ದಕ್ಕಿ ಮಾರಯ್ಯನ ಕಥೆಯಲ್ಲಿ ಈ ತೊಡಕು ಬಹಿರಂಗವಾಗಿ ಚರ್ಚೆಗೆ ಬರುತ್ತದೆ. ಮಾರಯ್ಯ ಅಲ್ಲಮನ ಅನುಭಾವದ ಮಾತಿಗೆ ಮರುಳಾಗಿ ಕಾಯಕವನ್ನು ಮರೆತು ಕುಳಿತಾಗ ಹೆಂಡತಿ ಲಕ್ಕಮ್ಮ ಬಂದು ಎಬ್ಬಿಸುತ್ತಾಳೆ. ಎಚ್ಚರ ಎಂಬ ಮಾತಿಗೆ ಇಲ್ಲಿ ತಿರುವುಮುರುವಾದ ಅರ್ಥ ಬಂದಿದೆ. ಪ್ರಭುವಿನ ಮಾತಿನಲ್ಲಿ ಎಚ್ಚೆತ್ತೆನೆಂದುಕೊಂಡ ಗಂಡನನ್ನು ಲಕ್ಕಮ್ಮ ಆ ಎಚ್ಚರದಿಂದಲೇ ಎಚ್ಚರಿಸುತ್ತಾಳೆ. ಮುಂದೆ ಅವನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಬಿದ್ದಿದ್ದಲ್ಲಿಯೇ ಸುರಿದು ಬರಲು ಹಿಂದಿರುಗಿಸುತ್ತಾಳೆ. ಬಡತನ ಅವಳಿಗೆ ಮೀರಬೇಕಾದ ಗುರುತಲ್ಲ. ದುಡಿಮೆಯೊಂದಿಗಿನ ಒಂದು ನಿಖರವಾದ ಅಳತೆ. ಮೋಳಿಗೆಯ ಮಾರಯ್ಯನಾದರೋ ಐತಿಹ್ಯದ ಪ್ರಕಾರ ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಹೊತ್ತು ಮಾರಿದವನು. ಅರಸನ ಗುರುತನ್ನು ಬಿಟ್ಟುದಕ್ಕೆ ಲೋಕ ಅವನನ್ನು ಕೊಂಡಾಡುತ್ತದೆ. ಬಿಡುವುದಕ್ಕೆ ಅರಸುತನವಿದ್ದವನ ತ್ಯಾಗ ಕಥೆಯಾಗುತ್ತದೆ; ಹುಟ್ಟಿನಿಂದಲೇ ಸೌದೆ ಹೊತ್ತವನ ಬಾಳು ಕಥೆಯಾಗುವುದಿಲ್ಲ. ಭೌತಿಕ ಗುರುತನ್ನು ತೊರೆಯುವ ಮಾತನ್ನಾಡುವಾಗ ತೊರೆಯಲು ಯಾರ ಬಳಿ ಏನಿತ್ತು ಎಂದು ಕೇಳಬೇಕಾಗುತ್ತದೆ.

ನುಲಿಯ ಚಂದಯ್ಯನ ಪ್ರಸಂಗ ಇನ್ನೂ ಸ್ಪಷ್ಟವಾದುದು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಅವನ ಇಷ್ಟಲಿಂಗ ನೀರಿಗೆ ಬೀಳುತ್ತದೆ. ಅವನು ಅದಕ್ಕಾಗಿ ನಿಲ್ಲದೆ ಹುಲ್ಲಿನ ಹೊರೆ ಹೊತ್ತು ನಡೆದುಬಿಡುತ್ತಾನೆ. ಲಿಂಗವೇ ಅವನನ್ನು ಹಿಂಬಾಲಿಸಿ ಬರುತ್ತದೆ. ಮಡಿವಾಳ ಮಾಚಯ್ಯ ನಡುವೆ ಬಂದು ಇಬ್ಬರನ್ನೂ ಒಂದುಗೂಡಿಸಬೇಕಾಗುತ್ತದೆ. ಕೈಯಲ್ಲಿದ್ದ ಕುರುಹು ಜಾರಿ ಬಿದ್ದರೆ ಹಗ್ಗ ಹೊಸೆಯುವವನು ಹಗ್ಗವನ್ನು ಬಿಡಲಿಲ್ಲ. ಬಿದ್ದ ಲಿಂಗಕ್ಕಿಂತ ಕೊಯ್ದ ಹುಲ್ಲು ಅವನಿಗೆ ಹತ್ತಿರದ್ದಾಗಿತ್ತು. ಅಲ್ಲಮನು ಅನಿಮಿಷನ ಕೈಯಿಂದ ಲಿಂಗವನ್ನು ತೆಗೆದುಕೊಂಡ ಚಿತ್ರದ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ಒಬ್ಬನಿಗೆ ಎಲ್ಲವೂ ಹೋದ ಮೇಲೆ ಕುರುಹು ಬಂತು; ಇನ್ನೊಬ್ಬನಿಗೆ ಕುರುಹು ಹೋದರೂ ಏನೂ ಹೋದಂತಾಗಲಿಲ್ಲ.

ಈ ಕಥೆಗಳನ್ನು ಆದರದಿಂದ ಸೇರಿಸಿಕೊಂಡ ಸಂಪಾದನಕಾರರು ಸಿದ್ಧರಾಮನ ವಿಷಯಕ್ಕೆ ಬಂದಾಗ ಮಾತ್ರ ತಮ್ಮತಮ್ಮಲ್ಲಿಯೇ ಒಡೆದುಹೋದರು. ಶಿವಗಣಪ್ರಸಾದಿ ಮಹಾದೇವಯ್ಯನ ಕೃತಿಯಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾಗುವ ಪ್ರಸಂಗವಿಲ್ಲ. ಅರಿವನ್ನು ಪಡೆದವನಿಗೆ ಕುರುಹು ಏಕೆ ಎಂಬ ನಿಲುವು ಅಲ್ಲಿಯದು. ಅನಂತರದವರಿಗೆ ಇದು ಸಹಿಸಲಾಗದ ಲೋಪವಾಗಿ ಕಂಡಿತು. ಗೂಳೂರು ಸಿದ್ಧವೀರಣ್ಣನಲ್ಲಿ ಚೆನ್ನಬಸವಣ್ಣನಿಂದ ಸಿದ್ಧರಾಮನಿಗೆ ದೀಕ್ಷೆಯಾಗುವುದು ವಿಸ್ತಾರವಾಗಿ ಬರುತ್ತದೆ. ಶೂನ್ಯವೆಂಬ ಹೆಸರನ್ನು ಹೊತ್ತ ಗ್ರಂಥದ ಪಾಠಾಂತರಗಳಲ್ಲಿ ಅತ್ಯಂತ ತೀವ್ರವಾದ ಭಿನ್ನಾಭಿಪ್ರಾಯ ಇರುವುದು ಒಬ್ಬ ಶರಣನ ಎದೆಯ ಮೇಲೆ ಲಿಂಗವಿತ್ತೇ ಇಲ್ಲವೇ ಎಂಬ ಪ್ರಶ್ನೆಯಲ್ಲಿ. ನಾಲ್ಕೂ ಸಂಪಾದನೆಗಳನ್ನು ಈ ಒಂದು ಪ್ರಸಂಗದ ಮಟ್ಟಿಗಾದರೂ ಸಾಲುಸಾಲಾಗಿ ಎದುರುಬದುರಿಟ್ಟು, ಯಾವ ವಚನ ಯಾರ ಕೈಯಲ್ಲಿ ಎಲ್ಲಿಗೆ ಸರಿಯಿತು, ಯಾವ ಗದ್ಯದ ಕೊಂಡಿ ಹೊಸದಾಗಿ ಸೇರಿತು ಎಂದು ಗುರುತಿಸುವ ಕೆಲಸಕ್ಕೆ ಒಬ್ಬ ಸಂಶೋಧಕನ ಕೆಲವು ವರ್ಷಗಳನ್ನು ಮೀಸಲಿಡಬಹುದು.